ಅಪ್ಪನ ಜನತಾ ವಾಚಿನ ಡಯಲ್ಲಿನಲ್ಲಿ ಉಪ್ಪುಗಾಳಿಯ ಚುಕ್ಕೆಗಳು: ಹೊಸ ಬಣ್ಣ ಹಾಕಿಸಲೇ, ಹಾಗೆಯೇ ಬಿಡಲೇ?

ಕಾಳಿ ದಂಡೆ, ಕಾರವಾರ

ಕಳೆದ ವಾರ ಅಮ್ಮನ ಕಬ್ಬಿಣದ ಕಪಾಟು ಖಾಲಿ ಮಾಡುವಾಗ ಅಪ್ಪನ ಎಚ್‌ಎಂಟಿ ಜನತಾ ಸಿಕ್ಕಿತು. ಕರವಸ್ತ್ರದಲ್ಲಿ ಸುತ್ತಿ, ಡಾಂಬರು ಗುಳಿಗೆಯ ಪಕ್ಕದಲ್ಲಿ ಇಟ್ಟಿದ್ದರು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಕುಮಟಾ, ಅಂಕೋಲಾ, ಕಾರವಾರ ಎಂದು ಕರಾವಳಿಯಲ್ಲೇ ವರ್ಗವಾಗುತ್ತ ನಿವೃತ್ತರಾದವರು. ಬೆಳಿಗ್ಗೆ 6:55ಕ್ಕೆ ರೇಡಿಯೊದಲ್ಲಿ ಸಂಸ್ಕೃತ ವಾರ್ತೆ ಶುರುವಾದೊಡನೆ ಮುಳ್ಳು ಸರಿಪಡಿಸಿ, ಕೀ ಕೊಟ್ಟು, ಆಮೇಲೆಯೇ ಚಹಾ ಕುಡಿಯುತ್ತಿದ್ದರು. ನಾನು ನೌಕರಿಗೆ ಸೇರಿದ ವರ್ಷ, 1996ರಲ್ಲಿ, ಮೊದಲ ಸಂಬಳದಲ್ಲಿ ಅವರಿಗೊಂದು ಬ್ಯಾಟರಿಯ ಕ್ವಾರ್ಟ್ಜ್ ವಾಚು ತಂದುಕೊಟ್ಟೆ. ಅಂದಿನಿಂದ ಜನತಾ ಕಪಾಟು ಸೇರಿತು. ಅದನ್ನು ಅವರ ಕೈಯಿಂದ ಬಿಡಿಸಿದವನು ನಾನೇ ಎಂಬ ಅಳುಕು ನನಗೆ ಇಷ್ಟು ವರ್ಷವೂ ಇದೆ.

ಕೀ ಕೊಟ್ಟರೆ ಓಡುತ್ತದೆ, ಆದರೆ ನಾಲ್ಕೈದು ತಾಸಿಗೆ ನಿಲ್ಲುತ್ತದೆ. ಬಿಳಿ ಡಯಲ್ಲಿನ ಮೇಲೆ, ಅದರಲ್ಲೂ 3ರಿಂದ 5ರ ನಡುವೆ, ಕಂದು ಚುಕ್ಕೆಗಳು ಎದ್ದಿವೆ. ಗಾಜು ಮಂಜಾಗಿದೆ. ಇಲ್ಲಿನ ಅಂಗಡಿಯೊಂದರಲ್ಲಿ ತೋರಿಸಿದೆ. ‘ಡಯಲ್ಲಿಗೆ ಹೊಸ ಬಣ್ಣ ಮಾಡಿಸಿ ಕೊಡುತ್ತೇವೆ, ಇವತ್ತು ಕೊಂಡು ತಂದಂತೆ ಕಾಣುತ್ತದೆ’ ಎಂದರು. ಮಾಡಿಸಲೇ?

ಇನ್ನೊಂದು ಮಾತು. ಇದನ್ನು ಕೈಯಲ್ಲಿ ಹಿಡಿದ ಮೇಲೆ ನನಗೂ ಒಂದು ಆಟೊಮ್ಯಾಟಿಕ್, ಅಂದರೆ ಕೈಯಾಡಿದಂತೆ ತಾನೇ ಕೀ ಕೊಟ್ಟುಕೊಳ್ಳುವ ವಾಚು, ಕಟ್ಟುವ ಆಸೆ ಹುಟ್ಟಿದೆ. ಮೂವತ್ತು ಸಾವಿರ ರೂಪಾಯಿಯೊಳಗೆ ಆಗಬೇಕು. ದಿನವೂ ಸದಾಶಿವಗಡದಿಂದ ಬೈಕಿನಲ್ಲಿ ಕಾಳಿ ನದಿ ದಾಟಿ ಕಚೇರಿಗೆ ಬರುತ್ತೇನೆ. ಬೆವರು, ಮಳೆ, ಉಪ್ಪುಗಾಳಿ ಮೂರೂ ತಪ್ಪಿದ್ದಲ್ಲ. ಇಂಥ ಕೈಯಲ್ಲಿ ಯಾವುದು ಬಾಳುತ್ತದೆ?

ಸೋಗೆಮನೆ, ಶಿರಸಿ

ಡಯಲ್ಲಿಗೆ ಬಣ್ಣ ಹಾಕಿಸಬೇಡಿ. ನೀವು ನಾಳೆ ಬೆಳಿಗ್ಗೆಯೇ ಅಂಗಡಿಗೆ ಹೋಗಿಬಿಡಬಾರದೆಂದು ಇದನ್ನು ಮೊದಲು ಬರೆದೆ. ಕಾರಣ ಈಗ ಹೇಳುತ್ತೇನೆ.

ಮರುಬಣ್ಣವೆಂದರೆ ಚುಕ್ಕೆ ಒರೆಸುವುದಲ್ಲ. ಡಯಲ್ಲಿನ ಹಳೆಯ ಬಣ್ಣವನ್ನು ತಗಡಿನವರೆಗೆ ಕೆರೆದು ತೆಗೆಯುತ್ತಾರೆ. ಅದರ ಮೇಲೆ ಹೊಸ ಬಣ್ಣ ಹೊಡೆದು, ಅಂಕಿ ಅಕ್ಷರಗಳನ್ನು ಮತ್ತೆ ಅಚ್ಚೊತ್ತುತ್ತಾರೆ. ಕಾರ್ಖಾನೆಯ ಅಚ್ಚಿನಲ್ಲಿ ‘17 ಜ್ಯುವೆಲ್ಸ್’, ‘ಪ್ಯಾರಾ ಶಾಕ್’ ಎಂಬ ಅಕ್ಷರಗಳು ಇರುವೆಯ ಕಾಲಿನಷ್ಟು ತೆಳ್ಳಗೆ, ನೆಟ್ಟಗೆ ನಿಂತಿರುತ್ತವೆ. ಮರುಬಣ್ಣದಲ್ಲಿ ಅವು ನೆನೆದ ಅವಲಕ್ಕಿಯಂತೆ ಉಬ್ಬುತ್ತವೆ. ನಿಮಿಷದ ಗೆರೆಗಳು ಅಂಕಿಯ ನೇರಕ್ಕೆ ಬರುವುದಿಲ್ಲ. ಒಮ್ಮೆ ಕೆರೆದು ಹೋದದ್ದನ್ನು ಯಾರೂ ಮರಳಿ ತಂದುಕೊಡಲಾರರು.

ನಾನು ಇದನ್ನು ಕಲಿತದ್ದು ನಷ್ಟಪಟ್ಟು. ಬಹಳ ವರ್ಷಗಳ ಹಿಂದೆ ಮಾರಿಕಾಂಬಾ ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ಚಾದರ ಹಾಸಿ ಕುಳಿತವನ ಹತ್ತಿರ ಎಚ್‌ಎಂಟಿ ಪೈಲಟ್ ಕೊಂಡೆ. ಕಪ್ಪು ಡಯಲ್ಲು ಕನ್ನಡಿಯಂತೆ ಹೊಳೆಯುತ್ತಿತ್ತು. ಮನೆಗೆ ತಂದು ಭೂತಗನ್ನಡಿ ಹಿಡಿದಾಗ ‘ಪೈಲಟ್’ ಎಂಬ ಹೆಸರೇ ಸೊಟ್ಟಗಿತ್ತು. ಬೆನ್ನು ಬಿಚ್ಚಿಸಿದರೆ ಒಳಗೆ ಎರಡು ಮೂರು ವಾಚುಗಳ ಬಿಡಿಭಾಗ ಸೇರಿಸಿದ ಯಂತ್ರ. ಈಗ ಮೊಬೈಲಿನಲ್ಲಿ ಗುಲಾಬಿ, ಗಿಳಿಹಸಿರು, ಕಿತ್ತಳೆ ಬಣ್ಣದ ಜನತಾಗಳು ಮಾರಾಟಕ್ಕೆ ಕಾಣುತ್ತವೆಯಲ್ಲ, ಅವೂ ಇದೇ ಜಾತಿ. ಹಳೆಯ ವಾಚು ಹೊಸದರಂತೆ ಹೊಳೆದರೆ ನನಗೆ ಈಗ ಸಂಶಯವೇ ಮೊದಲು ಬರುತ್ತದೆ.

ನಿಮ್ಮ ಕೈಯಲ್ಲಿರುವುದು ಏನೆಂದು ತಿಳಿದುಕೊಳ್ಳಿ. ಎಚ್‌ಎಂಟಿಯ ಮೊದಲ ವಾಚು ಕಾರ್ಖಾನೆ 1961ರಲ್ಲಿ ಬೆಂಗಳೂರಿನಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾಯಿತು. ಮೊದಲ ಕಂತಿನ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು. ಜನತಾದ ಒಳಗಿನ ಯಂತ್ರದ ಮೂಲ ವಿನ್ಯಾಸವೂ ಸಿಟಿಜನ್ನಿನದೇ. ಮುಂದೆ ತುಮಕೂರಿನಲ್ಲೂ, ದೂರದ ಶ್ರೀನಗರ ಮತ್ತು ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳಾದವು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ನಿಮ್ಮ ಅಪ್ಪನ ಕಾಲದ ಆ ಅಚ್ಚು ಇನ್ನು ಎಲ್ಲಿಂದ ಬರಬೇಕು?

ಆಟೊಮ್ಯಾಟಿಕ್ ವಿಷಯಕ್ಕೆ ನನ್ನ ಅಭಿರುಚಿ ಬೇರೆ. ನನಗೆ ಕೀ ಕೊಡುವ ವಾಚೇ ಬೇಕು. ಸಂಜೆ ತೋಟದಿಂದ ಬಂದು ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿದ ಮೇಲೆ ಆ ದಿನದ ವಾಚಿಗೆ ಕೀ ಕೊಡುತ್ತೇನೆ. ತಿರುಗಿಸುತ್ತ ಹೋದಂತೆ ಸ್ಪ್ರಿಂಗು ಬಿಗಿಯಾಗುವುದು ಬೆರಳಿಗೆ ಗೊತ್ತಾಗುತ್ತದೆ. ಆ ಬಿಗಿ ತಿಳಿದರೆ ಸಾಕು, ನಿಲ್ಲಿಸಬೇಕು.

ಭಟ್ಕಳ ಬಂದರು, ಭಟ್ಕಳ

ಸೋಗೆಮನೆಯವರೇ, ನಿಮ್ಮ ಮಾತು ಸಂಗ್ರಹಕಾರರ ಮಾತು. ವಾಚು ಕಟ್ಟಿಕೊಳ್ಳುವವರೂ ಇದ್ದಾರೆ.

ನಮ್ಮ ತಂದೆ ದುಬೈಯಲ್ಲಿದ್ದರು. ಊರಿಗೆ ಬರುವಾಗ ಪ್ರತಿ ಸಲವೂ ಪೆಟ್ಟಿಗೆಯಲ್ಲಿ ಎರಡು ಮೂರು ಸೀಕೊ 5 ಇರುತ್ತಿದ್ದವು. ಒಂದು ಭಾವನಿಗೆ, ಒಂದು ಚಿಕ್ಕಪ್ಪನಿಗೆ. ನಮ್ಮೂರಿನಲ್ಲಿ ಆಟೊಮ್ಯಾಟಿಕ್ ಎಂದರೆ ಸೀಕೊ, ಅದೂ ವಾರದ ಹೆಸರು ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ ಇರುವುದು. ಕೊಲ್ಲಿ ದೇಶಗಳಲ್ಲಿ ಮಾರುವುದಕ್ಕಾಗಿಯೇ ಆ ಚಕ್ರ ಮಾಡುತ್ತಿದ್ದರು. ತಂದೆ ಯಾವಾಗಲೂ ಅರಬ್ಬಿಯಲ್ಲೇ ಇಡುತ್ತಿದ್ದರು. ನಾನು ಅರಬ್ಬಿ ವಾರಗಳನ್ನು ಕಲಿತದ್ದು ಆ ಸಣ್ಣ ಕಿಟಕಿಯಲ್ಲಿ.

ತಂದೆ ತೀರಿಕೊಂಡ ಮೇಲೆ ಆ ವಾಚನ್ನು ತಾಯಿಯೇ ಕಟ್ಟುತ್ತಾರೆ. ಐದಾರು ಮಳೆಗಾಲ ಕಳೆಯುವಷ್ಟರಲ್ಲಿ ಡಯಲ್ಲು ಹಸಿರುಗಟ್ಟಿ, ಮುಳ್ಳು ಎಲ್ಲಿದೆ ಎಂದೇ ಕಾಣದಾಯಿತು. ತಾಯಿಗೆ ಕಣ್ಣಿನ ಪೊರೆ ಬೇರೆ. ನಾನು ಮರುಬಣ್ಣ ಮಾಡಿಸಿದೆ, ಅಂಕಿಗಳನ್ನು ದಪ್ಪವಾಗಿಯೇ ಬರೆಸಿದೆ. ಈಗ ಅವರು ನಮಾಜಿನ ಹೊತ್ತನ್ನು ಯಾರನ್ನೂ ಕೇಳದೆ ತಾವೇ ನೋಡಿಕೊಳ್ಳುತ್ತಾರೆ. ಮಾಡಿಸಿದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ.

ಸೋಗೆಮನೆ, ಶಿರಸಿ

ತಾಯಿಯವರ ಕಣ್ಣಿಗಾಗಿ ಮಾಡಿಸಿದ್ದೀರಿ. ಅದಕ್ಕೆ ನನ್ನ ತಕರಾರಿಲ್ಲ, ಮೇಲಿನ ನನ್ನ ಮಾತನ್ನು ಅಷ್ಟರ ಮಟ್ಟಿಗೆ ಹಿಂದೆ ತೆಗೆದುಕೊಳ್ಳುತ್ತೇನೆ. ಆದರೆ ಕಾರವಾರದವರ ಡಯಲ್ಲಿನಲ್ಲಿ ಸಮಯ ಕಾಣುತ್ತದೆ. ಚುಕ್ಕೆಗಳಿವೆ, ಅಷ್ಟೆ.

ಬೆಲೇಕೇರಿ, ಅಂಕೋಲಾ

ನಾನು ಹೊಸಬ, ಜಗಳಕ್ಕೆ ಕೇಳುತ್ತಿಲ್ಲ. ನನ್ನ ಐನೂರು ರೂಪಾಯಿಯ ವಾಚು ತಿಂಗಳಿಗೆ ಹತ್ತು ಸೆಕೆಂಡು ತಪ್ಪುವುದಿಲ್ಲ. ದಿನಕ್ಕೆ ಇಪ್ಪತ್ತು ಸೆಕೆಂಡು ತಪ್ಪುವ ಯಂತ್ರಕ್ಕೆ ಮೂವತ್ತು ಸಾವಿರ ಏಕೆ ಕೊಡಬೇಕು?

ಶರಾವತಿ ಮಾಸ್ತರ್, ಹೊನ್ನಾವರ

ಒಳ್ಳೆಯ ಪ್ರಶ್ನೆ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿದವನು ನಾನು, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ನಿಮ್ಮ ಕ್ವಾರ್ಟ್ಜ್ ವಾಚಿನಲ್ಲಿ ಸ್ಫಟಿಕದ ಸಣ್ಣ ಕವೆಯೊಂದು ಬ್ಯಾಟರಿಯ ವಿದ್ಯುತ್ತಿನಿಂದ ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಜನತಾದಲ್ಲಿ ಬ್ಯಾಲೆನ್ಸ್ ಚಕ್ರ ಸೆಕೆಂಡಿಗೆ 5 ಬಡಿತ ಬಡಿಯುತ್ತದೆ, ತಾಸಿಗೆ 18,000. ಈಗಿನ ಸೀಕೊ 5ರಲ್ಲಿ 6, ಹಲವು ಸ್ವಿಸ್ ಯಂತ್ರಗಳಲ್ಲಿ 8. ಬಡಿತ ಹೆಚ್ಚಿದಷ್ಟೂ ಹೊರಗಿನ ಅಲುಗಾಟ ಅದನ್ನು ಕೆಡಿಸುವುದು ಕಡಿಮೆ. 32,768ರ ಎದುರು 5 ಸೋಲುವುದು ಸಹಜ. 1969ರ ಡಿಸೆಂಬರ್ 25ರಂದು ಸೀಕೊ ಟೋಕಿಯೊದಲ್ಲಿ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟ ದಿನವೇ ನಿಖರತೆಯ ಪಂದ್ಯ ತೀರ್ಮಾನವಾಯಿತು. ನಮ್ಮಲ್ಲಿ 1984ರಲ್ಲಿ ಹುಟ್ಟಿದ ಟೈಟಾನ್ ಕ್ವಾರ್ಟ್ಜನ್ನೇ ನೆಚ್ಚಿ ಮಾರುಕಟ್ಟೆಯನ್ನು ಗೆದ್ದಿತು.

ಈಗ ಇಪ್ಪತ್ತು ಸೆಕೆಂಡಿನ ಲೆಕ್ಕ ನೋಡಿ. ದಿನಕ್ಕೆ 86,400 ಸೆಕೆಂಡು. ಅದರಲ್ಲಿ 20 ತಪ್ಪಿದರೆ ಹತ್ತು ಸಾವಿರದಲ್ಲಿ ಎರಡಕ್ಕಿಂತ ಸ್ವಲ್ಪ ಹೆಚ್ಚು. ಬರಿಯ ಒಂದು ಉಕ್ಕಿನ ಪಟ್ಟಿ ಬಿಚ್ಚಿಕೊಳ್ಳುತ್ತ, ಹಲ್ಲುಚಕ್ರಗಳನ್ನು ತಿರುಗಿಸುತ್ತ, ನೀವು ಬೈಕು ಓಡಿಸುವಾಗ, ಮಲಗಿದಾಗ, ಬಿಸಿಲಿನಲ್ಲಿ, ಚಳಿಯಲ್ಲಿ ದಿನಕ್ಕೆ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ ಬಡಿತ ಬಡಿದು ಇಷ್ಟೇ ತಪ್ಪುತ್ತದೆ! ತರಗತಿಯಲ್ಲಿ ಲೋಲಕದ ಪಾಠ ಮಾಡುವಾಗ ನನ್ನ ವಾಚಿನ ಬೆನ್ನು ಬಿಚ್ಚಿ ಮಕ್ಕಳ ಕೈಗೆ ಕೊಡುತ್ತಿದ್ದೆ. ಆ ಪುಟ್ಟ ಚಕ್ರ ಉಸಿರಾಡುವಂತೆ ಹಿಂದೆ ಮುಂದೆ ಆಡುವುದನ್ನು ಕಂಡ ಮಗು ಮತ್ತೆಂದೂ ಆ ಪಾಠ ಮರೆತದ್ದಿಲ್ಲ. ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ ಪರೀಕ್ಷೆಯಲ್ಲಿ ಯಂತ್ರವನ್ನು 15 ದಿನ, 5 ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಉಷ್ಣತೆಯಲ್ಲಿ ನೋಡುತ್ತಾರೆ. ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ, ಇಷ್ಟರೊಳಗೆ ಬಂದರೆ ಮಾತ್ರ ಪ್ರಮಾಣಪತ್ರ. ಅಷ್ಟು ಕಟ್ಟುನಿಟ್ಟು ನಮಗೆ ಬೇಕಿಲ್ಲ.

ಆಟೊಮ್ಯಾಟಿಕ್‌ನಲ್ಲಿ ನನಗೆ ಬಲು ಇಷ್ಟವಾದದ್ದು ಅದು ಕೀ ಕೊಟ್ಟುಕೊಳ್ಳುವ ಬಗೆ. ಬ್ರಿಟನ್ನಿನ ಜಾನ್ ಹಾರ್ವುಡ್ 1920ರ ದಶಕದಲ್ಲಿ ತಂದ ಕೈಗಡಿಯಾರದಲ್ಲಿ, ಕೈಯಾಡಿದಂತೆ ಆಡಿ ಕೀ ತುಂಬುವ ತೂಕದ ತುಂಡು ಪೂರ್ತಿ ಸುತ್ತುತ್ತಿರಲಿಲ್ಲ, ಎರಡೂ ಬದಿಗೆ ತಾಗಿ ಹಿಂತಿರುಗುತ್ತಿತ್ತು. ರೋಲೆಕ್ಸ್ 1931ರಲ್ಲಿ ಅದನ್ನು ಪೂರ್ತಿ ಸುತ್ತುವಂತೆ ಮಾಡಿತು. ಅದರ ನಂತರದ ಹೆಜ್ಜೆಗಳಲ್ಲಿ ನನ್ನ ಮೆಚ್ಚುಗೆ ಸೀಕೊದ ‘ಮ್ಯಾಜಿಕ್ ಲಿವರ್’ಗೆ, 1959ರದು. ಎರಡು ಕೊಕ್ಕೆಗಳ ಒಂದೇ ತುಂಡು. ರೋಟರ್, ಅಂದರೆ ಆ ತೂಕದ ತುಂಡು, ಬಲಕ್ಕೆ ತಿರುಗಿದರೆ ಒಂದು ಕೊಕ್ಕೆ ಚಕ್ರವನ್ನು ಎಳೆಯುತ್ತದೆ, ಎಡಕ್ಕೆ ತಿರುಗಿದರೆ ಇನ್ನೊಂದು ದೂಡುತ್ತದೆ. ಚಕ್ರ ಮಾತ್ರ ಒಂದೇ ದಿಕ್ಕಿಗೆ ಹೋಗುತ್ತದೆ. ಇಷ್ಟು ಸರಳ ಪರಿಹಾರ ಕಂಡಾಗ ಕೈಮುಗಿಯಬೇಕೆನಿಸುತ್ತದೆ.

ಬೆಲೇಕೇರಿ, ಅಂಕೋಲಾ

ಧನ್ಯವಾದ ಮಾಸ್ತರರೇ. ಬೆನ್ನು ಗಾಜಿನದಿರುವ ಒಂದನ್ನು ಹೋಗಿ ನೋಡುತ್ತೇನೆ.

ಬೈತಖೋಲ ಅಲೆ, ಕಾರವಾರ

ಕಾರವಾರದ ಅಣ್ಣನಿಗೆ: ಗಾಳಿ ನೀರಿನ ವಿಷಯ ನನ್ನನ್ನು ಕೇಳಿ. ಟ್ರಾಲರಿನಲ್ಲಿ ಹದಿನಾರು ವರ್ಷದಿಂದ ಇದ್ದೇನೆ, ಹನ್ನೊಂದು ವರ್ಷದಿಂದ ಕೈಯಲ್ಲಿ ಒಂದೇ ಸೀಕೊ ಡೈವರ್, ನೀರಿನಲ್ಲಿ ಮುಳುಗುವವರ ವಾಚು, ಇದೆ. 200 ಮೀಟರಿನದು, ಕ್ರೌನು, ಅಂದರೆ ಕೀಯ ಗುಂಡಿ, ತಿರುಪು ಹಾಕಿ ಮುಚ್ಚುವಂಥದ್ದು.

ಡಯಲ್ಲಿನ ಮೇಲೆ 30 ಮೀಟರ್ ಎಂದು ಬರೆದಿದ್ದರೆ ಅದನ್ನು ಕಟ್ಟಿ ಮೂವತ್ತು ಮೀಟರ್ ಮುಳುಗಬಹುದೆಂದು ತಿಳಿಯಬೇಡಿ. ಕೈ ತೊಳೆಯುವಾಗಿನ ಹನಿ ತಡೆಯುತ್ತದೆ, ಅಷ್ಟೆ. ನಮ್ಮ ಮಳೆಯಲ್ಲಿ ಬೈಕು ಓಡಿಸುವವರಿಗೆ 100 ಮೀಟರ್ ಇರಲೇಬೇಕು. ಉಪ್ಪುನೀರು ತಾಗಿದ ದಿನ ಸಿಹಿನೀರಿನಲ್ಲಿ ತೊಳೆಯಿರಿ, ಕ್ರೌನು ಮುಚ್ಚಿದೆಯೇ ಎಂದು ಎರಡು ಸಲ ನೋಡಿ. ಮನೆಗೆ ಬಂದು ಹಂಡೆಯ ಬಿಸಿನೀರಿನ ಸ್ನಾನಕ್ಕೆ ಮಾತ್ರ ಕಟ್ಟಿಕೊಂಡು ಹೋಗಬೇಡಿ. ಬಿಸಿ ತಣ್ಣಗೆ ಒಂದರ ಹಿಂದೊಂದು ಬಿದ್ದರೆ ಒಳಗೆ ನೀರು ತಡೆಯುವ ರಬ್ಬರಿನ ಬಿಗಿ ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಕೈಕೊಡುವುದು ಪಟ್ಟಿಯ ಪಿನ್ನು. ವಾಚು ಉಕ್ಕಿನದು, ಚೆನ್ನಾಗಿಯೇ ಇರುತ್ತದೆ; ಒಳಗಿನ ಆ ಕಡ್ಡಿಯಷ್ಟು ಪಿನ್ನು ಉಪ್ಪು ತಿಂದು ಮುರಿಯುತ್ತದೆ. ನನ್ನ ಜೊತೆಯವನ ವಾಚು ಹೀಗೆಯೇ ದೇವಗಡದ ದ್ವೀಪದ ಆಚೆ ಸಮುದ್ರಕ್ಕೆ ಹೋಯಿತು. ಎರಡೂ ಪಿನ್ನುಗಳ ಕೆಳಗೆ ಒಂದೇ ಉದ್ದಕ್ಕೆ ಹಾದುಹೋಗುವ ನೈಲಾನ್ ಪಟ್ಟಿ ಸಿಗುತ್ತದೆ. ಒಂದು ಪಿನ್ನು ಮುರಿದರೂ ವಾಚು ಇನ್ನೊಂದರಲ್ಲಿ ನೇತಾಡುತ್ತದೆ, ಬೀಳುವುದಿಲ್ಲ. ಪಿನ್ನನ್ನು ವರ್ಷಕ್ಕೊಮ್ಮೆ ಬದಲಿಸಿ. ನಾನು ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುವ ಆ 61 ದಿನಗಳಲ್ಲೇ ಈ ಕೆಲಸ ಮುಗಿಸಿಕೊಳ್ಳುತ್ತೇನೆ.

ಆ ಎರಡು ತಿಂಗಳು ವಾಚು ನಿಲ್ಲುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬಲೆ ಹೆಣೆಯುವ ಕೈಯಲ್ಲಿ ಆಟೊಮ್ಯಾಟಿಕ್ ನಿಲ್ಲುವ ಮಾತೇ ಇಲ್ಲ.

ಮಾಗೋಡು, ಯಲ್ಲಾಪುರ

ಇಲ್ಲಿಯವರೆಗೆ ಬರೆದವರೆಲ್ಲ ದೊಡ್ಡ ಕೈಯವರು ಎಂದು ಕಾಣುತ್ತದೆ. ನಾನು ದಾದಿ. ನನ್ನ ಮಣಿಕಟ್ಟು ಸಣ್ಣದು. ಹೊಸ ಆಟೊಮ್ಯಾಟಿಕ್ ನೋಡಲು ಹುಬ್ಬಳ್ಳಿಗೆ ಹೋದರೆ ಹೆಂಗಸರದೆಂದು ಕ್ವಾರ್ಟ್ಜ್ ತೋರಿಸುತ್ತಾರೆ. ಯಂತ್ರದ ವಾಚು ಬೇಕೆಂದರೆ 42 ಮಿಲಿಮೀಟರಿನ ತಟ್ಟೆ ಮುಂದಿಡುತ್ತಾರೆ. ಕೊನೆಗೆ ನನಗೆ ಸರಿಹೊಂದಿದ್ದು ಅಣ್ಣನ ಹಳೆಯ ಜನತಾ. 35 ಮಿಲಿಮೀಟರ್ ಆಸುಪಾಸು, ತೆಳ್ಳಗೆ, ಅಂಗಿಯ ತೋಳಿನೊಳಗೆ ಸುಮ್ಮನೆ ಕುಳಿತಿರುತ್ತದೆ. ಆ ಕಾಲದಲ್ಲಿ ಅದನ್ನು ಗಂಡಸರ ವಾಚೆಂದೇ ಮಾರಿದರು, ಯಾರಿಗೂ ಚಿಕ್ಕದೆನಿಸಲಿಲ್ಲ.

ಹೊಸದು ಕೊಳ್ಳುವವರು ಡಯಲ್ಲಿನ ಅಗಲವನ್ನಷ್ಟೇ ನೋಡದೆ, ಪಟ್ಟಿ ಸಿಕ್ಕಿಸುವ ಕೊಂಬುಗಳ ತುದಿಯಿಂದ ತುದಿಗೆ ಎಷ್ಟಿದೆ ಎಂದು ನೋಡಿ. ಕೊಂಬು ಮಣಿಕಟ್ಟಿನ ಆಚೆ ಚಾಚಿದರೆ ಆ ವಾಚು ನಿಮ್ಮದಲ್ಲ.

ಮಲೆನಾಡಿನ ಮಳೆಯಲ್ಲಿ ಚರ್ಮದ ಪಟ್ಟಿ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಜೂನ್ ತಿಂಗಳಲ್ಲಿ ತೆಗೆದು, ಹಪ್ಪಳದ ಡಬ್ಬಿಯಂಥ ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣದ ಜೊತೆ ಇಡುತ್ತೇನೆ. ದೀಪಾವಳಿಯವರೆಗೆ ಸ್ಟೀಲ್ ಚೈನು.

ಕುಮಟಾ ಭೂತಗನ್ನಡಿ, ಕುಮಟಾ

ನನ್ನ ತಂದೆ ಇಲ್ಲಿ ನಲವತ್ತು ವರ್ಷ ವಾಚು ರಿಪೇರಿ ಮಾಡಿದರು. ಈಗ ಅದೇ ಮೇಜಿನ ಮುಂದೆ ನಾನು ಕೂರುತ್ತೇನೆ.

ಕಾರವಾರದವರೇ, ದಯವಿಟ್ಟು ಇವತ್ತಿನಿಂದ ಆ ಜನತಾಕ್ಕೆ ಕೀ ಕೊಡುವುದನ್ನು ನಿಲ್ಲಿಸಿ. ನಾಲ್ಕೈದು ತಾಸಿಗೆ ನಿಲ್ಲುತ್ತದೆ ಎಂದರೆ ಒಳಗಿನ ಎಣ್ಣೆ ಒಣಗಿ ಗೋಂದಾಗಿದೆ. ಒಣಗಿದ ಅಚ್ಚುಗಳ ಮೇಲೆ ಚಕ್ರಗಳು ತಿರುಗುತ್ತಿವೆ. 17 ಜ್ಯುವೆಲ್ ಎಂದರೆ ಅಲಂಕಾರವಲ್ಲ, ಕೃತಕ ಮಾಣಿಕ್ಯದ ಆ ಹರಳುಗಳೇ ಅಚ್ಚಿನ ತುದಿ ತಿರುಗುವ ಕುಳಿ. ಎಣ್ಣೆ ಇಲ್ಲದಾಗ ಹರಳು ಸವೆಯುವುದಿಲ್ಲ, ಉಕ್ಕಿನ ತುದಿ ಸವೆಯುತ್ತದೆ. ನೀವು ‘ಓಡುತ್ತದೆಯೇ ನೋಡೋಣ’ ಎಂದು ಕೊಡುವ ಒಂದೊಂದು ಕೀಯೂ ಅದಕ್ಕೆ ಪೆಟ್ಟು.

ಡಯಲ್ಲಿನ ಚುಕ್ಕೆ 3ರಿಂದ 5ರ ನಡುವೆ ಇರುವುದು ನನಗೆ ಆಶ್ಚರ್ಯವಲ್ಲ. ಕೀ ಇರುವುದು 3ರ ಕಡೆ. ದಿನವೂ ತಿರುಗಿಸಿ ತಿರುಗಿಸಿ ಅಲ್ಲಿನ ಬಿಗಿ ಸಡಿಲವಾಗುತ್ತದೆ, ಬೆವರಿನ ತೇವ ಅಲ್ಲಿಂದಲೇ ಒಳಗೆ ಬರುತ್ತದೆ. ಈ ಊರುಗಳಲ್ಲಿ ನಾನು ಬಿಚ್ಚಿದ ಹಳೆಯ ವಾಚುಗಳಲ್ಲಿ ಹೆಚ್ಚಿನವು ಆ ಮೂಲೆಯಲ್ಲೇ ಕಂದಿರುತ್ತವೆ. ಹಲವು ಎಚ್‌ಎಂಟಿಗಳ ಕೇಸು ಹಿತ್ತಾಳೆಯ ಮೇಲೆ ಕ್ರೋಮ್ ಲೇಪನ. ಕೊಂಬುಗಳ ಒಳಬದಿಯಲ್ಲಿ ಹಳದಿ ಕಾಣುತ್ತಿದ್ದರೆ ಅದೂ ಬೆವರಿನದೇ ಕೆಲಸ.

ಮರುಬಣ್ಣ ಬೇಡ ಎಂಬುದೇ ನನ್ನ ಅಭಿಪ್ರಾಯ. ಅದರ ಜೊತೆ ಇನ್ನೊಂದು ಎಚ್ಚರ: ನೀವೇ ಒದ್ದೆ ಬಟ್ಟೆಯಲ್ಲಿ ಡಯಲ್ಲು ಒರೆಸಬೇಡಿ. ಚುಕ್ಕೆ ಅಲ್ಲೇ ಇರುತ್ತದೆ, ಅಕ್ಷರ ಎದ್ದುಬರುತ್ತದೆ. ಗಾಜು ಪ್ಲಾಸ್ಟಿಕ್ ಜಾತಿಯದು. ಉಜ್ಜಿದರೆ ಹೊಳಪು ಬರುತ್ತದೆ, ಬಾರದಿದ್ದರೆ ಹೊಸದು ಹಾಕಬಹುದು. ಗಾಜು ತಿಳಿಯಾದೊಡನೆ ಅರ್ಧ ವಯಸ್ಸು ಇಳಿದಂತೆ ಕಾಣುತ್ತದೆ. ಎಷ್ಟೋ ಜನ ಡಯಲ್ಲು ಹಾಳಾಗಿದೆ ಎಂದು ತಂದದ್ದು ಬರಿಯ ಗಾಜಿನ ಮಸುಕಾಗಿತ್ತು.

ಬೈತಖೋಲದ ಅಣ್ಣ ಒಂದು ಸಂಗತಿ ಬಿಟ್ಟಿದ್ದಾರೆ. ಅವರದೇ ಡೈವರ್ ಎರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ದಿನಕ್ಕೆ ನಾಲ್ಕೈದು ನಿಮಿಷ ಮುಂದೆ ಓಡತೊಡಗಿತು. ಯಂತ್ರ ಹಾಳಾಯಿತೆಂದು ಗಾಬರಿಯಾಗಿ ತಂದರು. ದಿಕ್ಸೂಚಿ ಹತ್ತಿರ ಹಿಡಿದೆ, ಮುಳ್ಳು ತಿರುಗಿತು. ರಾತ್ರಿ ಮಲಗುವಾಗ ದೋಣಿಯ ಸ್ಪೀಕರಿನ ಮೇಲೆ ವಾಚು ಇಡುತ್ತಿದ್ದರಂತೆ. ಬ್ಯಾಲೆನ್ಸ್ ಚಕ್ರವನ್ನು ಹಿಂದೆ ಮುಂದೆ ಆಡಿಸುವ ತೆಳ್ಳನೆಯ ಸುರುಳಿ, ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ, ಸ್ಪ್ರಿಂಗು ಗಿಡ್ಡವಾದಂತಾಗಿ ವಾಚು ವೇಗವಾಗಿ ಓಡುತ್ತದೆ. ಕಾಂತತ್ವ ತೆಗೆಯುವ ಸಣ್ಣ ಉಪಕರಣವಿದೆ, ಅರ್ಧ ನಿಮಿಷದ ಕೆಲಸ. ಮೊಬೈಲಿನ ಅಯಸ್ಕಾಂತದ ಕವರು ಕೂಡ ಇದೇ ತೊಂದರೆ ಕೊಡುತ್ತದೆ. ವಾಚು ನಿಧಾನವಾದರೆ ಎಣ್ಣೆಯನ್ನು ಸಂಶಯಿಸಿ. ಒಮ್ಮೆಲೇ ವೇಗವಾದರೆ ಅಯಸ್ಕಾಂತವನ್ನು.

ತೇವ ಹೊಕ್ಕ ವಾಚನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುವ ರೂಢಿಯನ್ನು ಬಿಡಿ. ಅಕ್ಕಿಯ ಧೂಳು ಸೇರುತ್ತದೆ, ನೀರು ಹೋಗುವುದಿಲ್ಲ. ಗಾಜಿನ ಒಳಗೆ ಹನಿ ಕಂಡರೆ ಅದೇ ದಿನ ಬಿಚ್ಚಿಸಿ. ಸಮುದ್ರದ ನೀರಾದರೆ ಅದೇ ತಾಸಿನಲ್ಲಿ ಎನ್ನುತ್ತೇನೆ.

ಹೊಸದು ಕೊಳ್ಳುವವರಿಗೆ ರಿಪೇರಿಯವಳ ಅಭಿರುಚಿ ಹೇಳುತ್ತೇನೆ. ಡಯಲ್ಲಿಗಿಂತ ಮೊದಲು ಒಳಗಿನ ಯಂತ್ರ ಯಾವುದೆಂದು ಕೇಳಿ. ಸೀಕೊದ್ದು, ಸಿಟಿಜನ್ ಗುಂಪಿನ ಮಿಯೊಟಾದ್ದು, ಸ್ವಿಸ್ ಇಟಿಎ 2824 ಆದರೆ ಬಿಡಿಭಾಗ ಸಿಗುತ್ತದೆ, ಬಿಚ್ಚಿ ಜೋಡಿಸುವವರು ಈ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಹಳೆಯ ಸೀಕೊ 5ರ 7ಎಸ್26 ಯಂತ್ರಕ್ಕೆ ಕೈಯಿಂದ ಕೀ ಕೊಡಲು ಬರುವುದಿಲ್ಲ, ಕ್ರೌನು ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲುವುದೂ ಇಲ್ಲ. ಈಗಿನ 4ಆರ್36ರಲ್ಲಿ ಎರಡೂ ಇವೆ. ರೇಡಿಯೊಗೆ ಸರಿಯಾಗಿ ಹೊಂದಿಸುವ ಮನೆಯಿಂದ ಬಂದವರು ನೀವು, ನಿಮಗೆ ಎರಡನೆಯದೇ ಒಪ್ಪುತ್ತದೆ.

ಸೋಗೆಮನೆ, ಶಿರಸಿ

ತಂಗಿ, ತೋಟದಲ್ಲಿ ಕಟ್ಟುವುದರ ಬಗ್ಗೆ ನಿಮ್ಮ ಅಭಿಪ್ರಾಯವೇನು? ನನ್ನ ಮಗ ಕಳೆ ಕೊಚ್ಚುವ ಯಂತ್ರ ಹಿಡಿಯುವಾಗಲೂ ಆಟೊಮ್ಯಾಟಿಕ್ ಬಿಚ್ಚುವುದಿಲ್ಲ.

ಕುಮಟಾ ಭೂತಗನ್ನಡಿ, ಕುಮಟಾ

ಬಿಚ್ಚಿಸಿ. ಗುದ್ದಲಿ, ಹಾರೆ, ಕಳೆ ಯಂತ್ರ ಮೂರಕ್ಕೂ. ಬಿದ್ದ ಪೆಟ್ಟನ್ನು ಪ್ಯಾರಾ ಶಾಕ್ ತಡೆಯುತ್ತದೆ. ತಾಸುಗಟ್ಟಲೆ ನಡುಗುವುದನ್ನು ತಡೆಯಲು ಅದನ್ನು ಮಾಡಿಲ್ಲ. ರೋಟರಿನ ತಿರುಪು ಸಡಿಲವಾಗಿ ಬಂದ ವಾಚುಗಳನ್ನು ನೋಡಿದ್ದೇನೆ. ಮೈಲುತುತ್ತ ಸಿಂಪಡಿಸುವ ದಿನವಂತೂ ಮನೆಯಲ್ಲೇ ಇರಲಿ.

ಭಟ್ಕಳ ಬಂದರು, ಭಟ್ಕಳ

ಕುಮಟಾದ ಅಕ್ಕನಿಗೆ ಒಂದು ಪ್ರಶ್ನೆ. ತಾಯಿಯ ಸೀಕೊ ಬೆಳಿಗ್ಗೆ ನಿಂತಿರುತ್ತದೆ. ಅವರಿಗೆ ಈಗ ಓಡಾಟ ಕಡಿಮೆ, ಹೆಚ್ಚು ಹೊತ್ತು ಕುಳಿತೇ ಇರುತ್ತಾರೆ. ಯಂತ್ರದ ತೊಂದರೆಯೇ, ಕೈಯಾಡದ್ದೇ?

ಕುಮಟಾ ಭೂತಗನ್ನಡಿ, ಕುಮಟಾ

ಒಂದು ದಿನ ನೀವು ಕಟ್ಟಿ ಓಡಾಡಿ, ರಾತ್ರಿ ಮೇಜಿನ ಮೇಲಿಡಿ. ಮರುದಿನ ಮಧ್ಯಾಹ್ನ ದಾಟಿಯೂ ಓಡುತ್ತಿದ್ದರೆ ಯಂತ್ರ ಸರಿಯಿದೆ. ಹಾಗಿದ್ದರೆ ರಾತ್ರಿ ಮಲಗುವ ಮುನ್ನ ನೀವೇ ಕೈಯಲ್ಲಿ ಹಿಡಿದು ಎರಡು ಮೂರು ನಿಮಿಷ ನಿಧಾನವಾಗಿ ತೂಗಿ ಕೊಡಿ, ಬೆಳಿಗ್ಗೆಯವರೆಗೆ ಸಾಕು.

ಕಾಳಿ ದಂಡೆ, ಕಾರವಾರ

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಜನತಾವನ್ನು ಕುಮಟಾಕ್ಕೆ ಒಯ್ದು ಅಲ್ಲಿಯೇ ಕೊಟ್ಟೆ. ಬಿಚ್ಚುವಾಗ ಎದುರಿಗೆ ಕುಳಿತು ನೋಡಲು ಬಿಟ್ಟರು.

ಬೆನ್ನಿನ ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ಗೀರಿದ ಬರಹಗಳಿದ್ದವು. ರಿಪೇರಿ ಮಾಡಿದವರು ತಾರೀಕು ಬರೆದಿಡುವ ರೂಢಿಯಂತೆ, ನನಗೆ ಗೊತ್ತಿರಲಿಲ್ಲ. 79, 84, 90 ಎಂದು ಮೂರು ಗೀರು, ಮೂರೂ ಒಂದೇ ಕೈಯ ಬರಹ. ಆಮೇಲೆ ಏನೂ ಇಲ್ಲ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಬಸ್ ನಿಲ್ದಾಣದ ಹತ್ತಿರ ಕೂರುತ್ತಿದ್ದ ರಿಪೇರಿಯವರು ತೀರಿಕೊಂಡ ಮೇಲೆ ಅಪ್ಪ ಅದನ್ನು ಬೇರೆ ಯಾರ ಕೈಗೂ ಕೊಡಲಿಲ್ಲವಂತೆ. ‘ನೀನು ಹೊಸ ವಾಚು ತರುವ ಹೊತ್ತಿಗೆ ಅದು ಮಧ್ಯಾಹ್ನಕ್ಕೆ ನಿಲ್ಲುತ್ತ ಎರಡು ವರ್ಷವಾಗಿತ್ತು. ಊಟದ ಬಿಡುವಿನಲ್ಲಿ ಶಾಲೆಯ ಗಡಿಯಾರ ನೋಡಿ ಮತ್ತೆ ಕೀ ಕೊಡುತ್ತಿದ್ದರು. ನಿನ್ನದು ಬಂದ ಮೇಲೆ ನೆಮ್ಮದಿಯಾಯಿತು ಎಂದಿದ್ದರು’ ಎಂದಳು. ಇದನ್ನು ನಾನು ಮೊದಲೇ ಕೇಳಬೇಕಿತ್ತು.

ಡಯಲ್ಲನ್ನು ಮುಟ್ಟಿಲ್ಲ. ಹೊಸ ಗಾಜು, ಹೊಸ ಸ್ಪ್ರಿಂಗು, ಎಣ್ಣೆ. ಚುಕ್ಕೆಗಳು ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತವೆ. ಡಯಲ್ಲು ಮೇಲ್ಮುಖವಾಗಿಟ್ಟರೆ ದಿನಕ್ಕೆ 9 ಸೆಕೆಂಡು ಮುಂದೆ, ಕೈಯಲ್ಲಿ ಕಟ್ಟಿದರೆ 14. ಮುಚ್ಚಳದ ಒಳಗೆ 90ರ ಕೆಳಗೆ ಈ ವರ್ಷವನ್ನೂ ಗೀರಿದ್ದಾರೆ, ನಾನು ಕೇಳಿಕೊಂಡಿದ್ದಕ್ಕೆ ಸ್ವಲ್ಪ ಜಾಗ ಬಿಟ್ಟು.

ಆಟೊಮ್ಯಾಟಿಕ್ ಕೂಡ ಬಂತು: 4ಆರ್36 ಇರುವ ಸೀಕೊ 5, 100 ಮೀಟರಿನದು. ಯಲ್ಲಾಪುರದ ಅಕ್ಕನ ಮಾತಿನಂತೆ ಕೊಂಬು ಅಳೆದೇ ಕೊಂಡೆ. ಮಳೆಗೆ ಅದು, ರವಿವಾರಕ್ಕೆ ಜನತಾ. ಜನತಾಕ್ಕೆ ಈಗ ಪಟ್ಟಿ ಇಲ್ಲ. ಅಪ್ಪನದು ಕಂದು ಚರ್ಮದ್ದಿತ್ತು, ಮುಟ್ಟಿದರೆ ಪುಡಿಯಾಗುತ್ತದೆ. ಏನು ಹಾಕಲಿ?

ಮಾಗೋಡು, ಯಲ್ಲಾಪುರ

ಚರ್ಮದ್ದನ್ನೇ ಹಾಕಿ, ಆದರೆ ಈಗ ಬೇಡ. ಹೊರಗೆ ಮೋಡ ನೋಡಿದ್ದೀರಲ್ಲ. ಅಕ್ಟೋಬರಿನವರೆಗೆ ತೆಳ್ಳನೆಯ ನೈಲಾನ್ ಇರಲಿ. ಜನತಾದ ಕೊಂಬುಗಳ ನಡುವಿನ ಅಳತೆಯನ್ನು ಕುಮಟಾದಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಒಂದು ಮಿಲಿಮೀಟರ್ ಹೆಚ್ಚಾದರೂ ಅಂಚು ಮಡಿಚಿಕೊಳ್ಳುತ್ತದೆ.

ಬೈತಖೋಲ ಅಲೆ, ಕಾರವಾರ

ಪಿನ್ನು ಹೊಸದು ಹಾಕಿಸಿದಿರಾ ಅಣ್ಣ?